ಬಿಚ್ಚಲು ಬರುವಂತೆ ಹೊಲಿಯಿರಿ

ಕೈಹೊಲಿಗೆ ಕಲಿಯಲು ಹೊರಟವರು ಮೊದಲು ಕೈಹಾಕುವುದೇ ರವಿಕೆಗೆ. ಬೇಡ. ರವಿಕೆ ಮೈಗೆ ಹತ್ತಿ ಕೂರಬೇಕಾದ ಬಟ್ಟೆ. ಎದೆಯ ಹತ್ತಿರ ಬಟ್ಟೆ ಚಿವುಟಿ ಹೊಲಿಯುವ ಮಡಿಕೆ, ಅಂದರೆ ಟಕ್ಸ್, ಕಾಲಿಂಚು ಆಚೀಚೆಯಾದರೂ ಸುಕ್ಕು ಬೀಳುತ್ತದೆ. ಅದನ್ನು ಸದ್ಯಕ್ಕೆ ದರ್ಜಿಗೇ ಬಿಟ್ಟು, ನೀವು ಒಂದು ಸಡಿಲವಾದ ಜುಬ್ಬಾದಿಂದ ಶುರುಮಾಡಿ. ಹಳೆಯ ಕಾಲದ ಅಂಗಿಗಳು ಹೆಚ್ಚಾಗಿ ಚೌಕ, ಪಟ್ಟಿ, ತ್ರಿಕೋನಗಳಲ್ಲೇ ಮುಗಿಯುತ್ತಿದ್ದವು. ಬಟ್ಟೆ ದಂಡವಾಗುತ್ತಿರಲಿಲ್ಲ, ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡಿಕೊಳ್ಳಲೂ ಬರುತ್ತಿತ್ತು. ಮನೆಯಲ್ಲಿ ಹೊಲಿಯುವುದರ ದೊಡ್ಡ ಲಾಭವೇ ಅದು. ಸಿದ್ಧ ಉಡುಪಿನ ಒಳಮಗ್ಗುಲು ತಿರುಗಿಸಿ ನೋಡಿ: ಅಂಚಿಗೆ ಕಾಲಿಂಚು ಉಳಿದಿದ್ದರೆ ನಿಮ್ಮ ಪುಣ್ಯ. ಅದನ್ನು ಬಿಚ್ಚಿ ಮಾಡುವುದೇನು?

ಬಟ್ಟೆ ಕೈಮಗ್ಗದ ಹತ್ತಿಯದಿರಲಿ, ಇಲ್ಲವೇ ಖಾದಿ. ಸಿಂಥೆಟಿಕ್ ಬಟ್ಟೆ ಕೈಯಲ್ಲಿ ನಿಲ್ಲದೆ ಜಾರುತ್ತದೆ, ಹೊಸಬರಿಗೆ ಆಗಿಬರುವುದಿಲ್ಲ. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಒಗೆದು, ನೆರಳಿನಲ್ಲಿ ಒಣಗಿಸಿದ ಮೇಲೆಯೇ ಕತ್ತರಿ ಮುಟ್ಟಿ. ಹತ್ತಿ ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಅಡ್ಡ ಕತ್ತರಿಸುವಾಗ ಗೆರೆ ನೇರ ಬರಬೇಕಾದರೆ ಹೊಕ್ಕಿನ, ಅಂದರೆ ಅಡ್ಡಕ್ಕೆ ನೇಯ್ದ, ಒಂದೇ ಒಂದು ಎಳೆಯನ್ನು ತುದಿಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಎಳೆ ಹೊರಟ ಜಾಗದಲ್ಲಿ ತೆಳುವಾದ ದಾರಿಯೊಂದು ಕಾಣುತ್ತದೆ. ಕತ್ತರಿ ಅದರ ಮೇಲೆಯೇ ಹೋಗಲಿ. ಉಳಿದ ಗುರುತುಗಳಿಗೆ ಸವೆದ ಸಾಬೂನಿನ ಚೂರು ಸಾಕು. ಒಂದು ಒಗೆತಕ್ಕೆ ಹೋಗುತ್ತದೆ.

ಲೆಕ್ಕ ಸುಲಭ. ಎದೆಯ ಸುತ್ತಳತೆ 36 ಇಂಚು ಎಂದುಕೊಳ್ಳಿ. ಸಡಿಲಕ್ಕೆ 8 ಸೇರಿಸಿದರೆ 44, ಅದರ ಅರ್ಧ 22, ಎರಡು ಮಗ್ಗುಲಿಗೂ ಒಂದೊಂದು ಇಂಚು ಅಂಚು ಬಿಟ್ಟರೆ 24. ಬಟ್ಟೆಯ ಅಗಲ 36 ಇಂಚಿದ್ದರೆ 72 ಇಂಚು ಉದ್ದಕ್ಕೆ 24 ಇಂಚು ಅಗಲದ ತುಂಡು ತೆಗೆದು ನಡುವೆ ಮಡಚಿ. ಮಡಿಕೆಯೇ ಹೆಗಲು, ಅಲ್ಲಿ ಹೊಲಿಗೆಯೇ ಬೇಡ. ಪಕ್ಕದಲ್ಲಿ 12 ಇಂಚಿನ ಉದ್ದನೆಯ ಪಟ್ಟಿ ಉಳಿಯುತ್ತದೆ. ಜೇಬು, ಕತ್ತಿನ ಪಟ್ಟಿ, ಕೈಯೆತ್ತಲು ಸಲೀಸಾಗಲೆಂದು ಕಂಕುಳಿಗೆ ಹಚ್ಚುವ ಚೌಕ ಎಲ್ಲವೂ ಅದರಲ್ಲೇ. ತೋಳುಗಳಿಗೆ ಇನ್ನೊಂದು 18 ಇಂಚು. ಕುಗ್ಗುವುದನ್ನೂ ಹಿಡಿದು ಎರಡೂವರೆ ಮೀಟರ್ ತಂದರೆ ಧಾರಾಳ. ಒಂದಿಂಚು ಅಂಚು ಹೆಚ್ಚಾಯಿತೆಂದು ಯಾರು ಹೇಳಿದರೂ ಕತ್ತರಿಸಬೇಡಿ. ಮುಂದೆ ಮೈ ಬಂದಾಗ ಬಿಚ್ಚಲು ಇರುವ ಬಂಡವಾಳ ಅದೊಂದೇ.

ದಾರದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹತ್ತಿ ಬಟ್ಟೆಗೆ ಹತ್ತಿ ದಾರವೇ ಬೇಕು. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಜಗ್ಗಾಟ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ತೇಪೆಯೇ ಗತಿ. ಒಮ್ಮೆಗೆ ಒಂದು ಮೊಳಕ್ಕಿಂತ ತುಸು ಹೆಚ್ಚು ದಾರ ತೆಗೆದುಕೊಳ್ಳಿ. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಉಂಡೆಯಿಂದ ಮೊದಲು ಹೊರಬಂದ ತುದಿಯನ್ನೇ ಸೂಜಿಗೆ ಪೋಣಿಸಿ, ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆಯಿರಿ. ಹೊಲಿಯುತ್ತ ದಾರ ಮುರಿ ಬಿದ್ದರೆ ಸೂಜಿಯನ್ನು ಕೆಳಗೆ ಜೋತುಬಿಡಿ, ತಾನೇ ತಿರುಗಿ ಸರಿಹೋಗುತ್ತದೆ. ಸೂಜಿಯ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣದು. ತೆಳು ಹತ್ತಿಗೆ 8 ಅಥವಾ 9 ಸರಿ. ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು ಎನ್ನುತ್ತಿದ್ದರಲ್ಲ, ಶಾಸ್ತ್ರ ಏನೇ ಇರಲಿ, ಬುಡ್ಡಿದೀಪದ ಬೆಳಕಿನಲ್ಲಿ ಬಿದ್ದ ಸೂಜಿ ಸಿಗುವುದು ಯಾರದಾದರೂ ಕಾಲಿಗೇ.

ಉದ್ದನೆಯ ಮಗ್ಗುಲುಗಳಿಗೆ ಓಡುಹೊಲಿಗೆ ಸಾಕು: ಸೂಜಿಯನ್ನು ಮೇಲೆ ಕೆಳಗೆ ಮಾಡುತ್ತ ನೇರ ಮುಂದೆ ಹೋಗುವುದು. ನಾಲ್ಕೈದು ಹೊಲಿಗೆಗೊಮ್ಮೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದೆ ಹೋದರೆ ಹೊಲಿಗೆ ಜಗ್ಗುವುದಿಲ್ಲ. ಜೇಬಿನ ಬಾಯಿ, ಕಂಕುಳು, ಸೀಳಿನ ಕೊನೆ, ಈ ಮೂರು ಕಡೆ ಮಾತ್ರ ಪೂರ್ತಿ ಹಿಮ್ಮರಳಿ ಹೊಲಿಯಿರಿ. ಎರಡೂ ಅಂಚುಗಳನ್ನು ಬಿಡಿಸಿ ಇಸ್ತ್ರಿ ಹಾಕಿ, ತುದಿ ಮಡಚಿ, ಒಂದೊಂದನ್ನೂ ಬೇರೆಯಾಗಿ ಮುಗಿಸಿ.

ಕಂಕುಳಿನ ಚೌಕಕ್ಕೆ ಮಾತ್ರ ಅವಸರ ಬೇಡ. 6 ಇಂಚಿನ ಚೌಕ ತೆಗೆದರೆ ಅಂಚು ಹೋಗಿ 4 ಇಂಚು ಉಳಿಯುತ್ತದೆ. ಅದರ ಎರಡು ಮಗ್ಗುಲು ತೋಳಿಗೆ, ಎರಡು ಮೈಗೆ. ತೊಟ್ಟು ಕೈಯೆತ್ತಿದಾಗ ಅದು ವಜ್ರಾಕಾರವಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಅಟ್ಟದ ಮೇಲಿನ ಡಬ್ಬಿ ತೆಗೆಯುವವರಂತೆ ಕೈ ಮೇಲೆತ್ತಿ ನೋಡಿ. ಅಂಗಿಯ ಕೆಳ ಅಂಚು ಮೇಲಕ್ಕೆ ಏರದಿದ್ದರೆ ಚೌಕ ಸರಿಯಾಗಿ ಕೂತಿದೆ. ಮೂಲೆಯಲ್ಲಿ ಎರಡು ಹೊಲಿಗೆಗೆರೆಗಳು ಕೂಡುವ ಬಿಂದುವಿನಲ್ಲೇ ನಿಲ್ಲಿಸಿ, ಬಟ್ಟೆಯ ತುದಿಯವರೆಗೆ ಓಡಿಸಬೇಡಿ. ಓಡಿಸಿದರೆ ಮೂಲೆ ಮುದುಡುತ್ತದೆ.

ಕತ್ತನ್ನು ಯಾವಾಗಲೂ ಬೇಕಾದದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ. ಅಗಲ 5 ಇಂಚು, ಹಿಂದೆ 1, ಮುಂದೆ 3, ತಲೆ ತೂರಲು ಮುಂದೆ 6 ಇಂಚಿನ ಸೀಳು. ದುಂಡಗಿನ ಭಾಗಕ್ಕೆ ಓರೆಯಾಗಿ ಕತ್ತರಿಸಿದ ಪಟ್ಟಿಯೇ ಬೇಕು, ನೇರ ಪಟ್ಟಿ ತಿರುವಿನಲ್ಲಿ ಬಾಗುವುದಿಲ್ಲ. ಸೀಳಿಗೆ ಗುಳೇದಗುಡ್ಡದ ಖಣದ ಒಂದು ತುಂಡು ಹಚ್ಚಿದರೆ ಇಡೀ ಜುಬ್ಬಾಕ್ಕೆ ಕಳೆ ಬರುತ್ತದೆ.

ನಿಮ್ಮ ಕಲ್ಪನೆಗೆ ಜಾಗವಿರುವುದು ಅಲ್ಲಿಯೇ. ಸೀಳಿನ ಎರಡೂ ಬದಿ, ತೋಳಿನ ತುದಿ, ಇಷ್ಟರಲ್ಲಿ ಧಾರವಾಡದ ಕಡೆಯ ಕಸೂತಿ ಹಾಕಿ. ಇದಕ್ಕೆ ಅಚ್ಚು ಬೇಡ, ಖಾದಿಯ ಎಳೆ ಎಣಿಸುತ್ತ ಹೋದರೆ ಗೆರೆ ತಾನೇ ನೇರ ನಿಲ್ಲುತ್ತದೆ. ಗವಂತಿಯಿಂದ ಆರಂಭಿಸಿ: ಒಂದು ಹೊಲಿಗೆ ಬಿಟ್ಟು ಒಂದರಂತೆ ಮುಂದೆ ಹೋಗಿ, ತಿರುಗಿ ಬರುತ್ತ ಖಾಲಿ ಜಾಗ ತುಂಬಿ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು. ಹೀಗೆ ಮಾಡಿದರೆ ಒಳಮಗ್ಗುಲೂ ಹೊರಮಗ್ಗುಲೂ ಒಂದೇ ಆಗಿ ಕಾಣುತ್ತದೆ. ಗೋಪುರ, ತೇರು, ತುಳಸಿಕಟ್ಟೆ ಆಮೇಲೆ ಬರಲಿ. ಮುರ್ಗಿಯ ಮೆಟ್ಟಿಲು ಗೆರೆಯೊಂದೇ ಸೀಳಿಗೆ ಎಷ್ಟು ಚೆಂದ ಕಾಣುತ್ತದೆಂದು ಹಾಕಿ ನೋಡಿ. ಕತ್ತು ಹೊಲಿಯುವ ಮೊದಲೇ, ಬಟ್ಟೆ ಹಾಸಿದಂತೆ ಇರುವಾಗ ಈ ಕೆಲಸ ಮುಗಿಸಿ. ಕೆಂಪು ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ, ಬಣ್ಣ ಬಿಡುವುದೇ ಎಂದು ಪರೀಕ್ಷಿಸದೆ ಹಾಕಲೇಬೇಡಿ.

ಉಳಿದ ಚೂರುಗಳು ಕೌದಿಗೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ಹಾಗೆ ಮಾಡಿದರೆ ಚೂರುಗಳನ್ನು ಅಳತೆಗೆ ಕತ್ತರಿಸುವ ಗೋಜಿಲ್ಲ, ಕೈಗೆ ಸಿಕ್ಕ ತುಂಡಿನ ತುದಿ ಮಡಚಿ ಅಲ್ಲೇ ಕೂಡಿಸಬಹುದು. ಖಣದ ಚೂರನ್ನು ಮಾತ್ರ ಬೇರೆ ಚೀಲದಲ್ಲಿಡಿ. ಕೌದಿಯನ್ನು ಕಲ್ಲಿಗೆ ಬಡಿದು ಒಗೆಯುತ್ತೇವೆ, ಅದರ ರೇಷ್ಮೆ ಆ ಪೆಟ್ಟಿಗೆ ತಡೆಯುವುದಿಲ್ಲ. ಮುಂದಿನ ಜುಬ್ಬಾದ ಸೀಳಿಗಾಗುತ್ತದೆ.