ರಾ ಫೋಟೋಗೆ ಯಾವ ಸಾಫ್ಟ್‌ವೇರ್? ದುಡ್ಡು ಕಟ್ಟೋ ಮುಂಚೆ ಇಷ್ಟು ನೋಡಿ

ಸಾಫ್ಟ್‌ವೇರ್ ಪರೀಕ್ಷೆಗೆ ಎರಡೇ ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಕ್ಯಾಮೆರಾ ಸಂಸ್ಕರಿಸದೆ ಇಟ್ಟ ಫೈಲ್) ಸಾಕು. ಒಂದು, ಅಂಜನಾದ್ರಿಯಲ್ಲಿ ಸೂರ್ಯೋದಯದ್ದು, ಐಎಸ್ಒ (ಬೆಳಕಿನ ಸೂಕ್ಷ್ಮತೆಯ ಅಂಕಿ) 100: ಮೇಲೆ ಬೆಳಗಿದ ಆಕಾಶ, ಕೆಳಗೆ ಕಪ್ಪಾದ ಬಂಡೆ. ಇನ್ನೊಂದು, ಗವಿಮಠದ ಜಾತ್ರೆಯಲ್ಲಿ ಕತ್ತಲಾದ ಮೇಲೆ ತೆಗೆದದ್ದು, ಐಎಸ್ಒ 6400.

ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಕ್ಯಾನನ್‌ನವರಿಗೆ ಡಿಪಿಪಿ (ಡಿಜಿಟಲ್ ಫೋಟೋ ಪ್ರೊಫೆಷನಲ್), ನಿಕಾನ್‌ನವರಿಗೆ ಎನ್‌ಎಕ್ಸ್ ಸ್ಟುಡಿಯೋ ಕೂಡ ಉಚಿತ. ಮೊದಲು ಇವನ್ನು ನೋಡಿ, ಸಾಲದಿದ್ದರೆ ಲೈಟ್‌ರೂಮ್ ಚಂದಾ ಇದ್ದೇ ಇದೆ.

ಡಾರ್ಕ್‌ಟೇಬಲ್‌ನಲ್ಲಿ ತೆರೆದ ಕೂಡಲೇ ಫೋಟೋ ಸಪ್ಪೆ ಕಂಡರೆ ಸಾಫ್ಟ್‌ವೇರನ್ನು ಬೈಯಬೇಡಿ. ಕ್ಯಾಮೆರಾ ಪರದೆಯಲ್ಲಿ ಕಂಡದ್ದು ರಾ ಒಳಗಿನ ಜೆಪೆಗ್. ಅದಕ್ಕೆ ಕಂಪನಿ ಮೊದಲೇ ಬಣ್ಣ, ಕಾಂಟ್ರಾಸ್ಟ್ ಬಳಿದಿರುತ್ತದೆ. ಡಿಪಿಪಿ, ಎನ್‌ಎಕ್ಸ್ ಅದೇ ಬಣ್ಣ ಕೊಡುತ್ತವೆ, ಡಾರ್ಕ್‌ಟೇಬಲ್ ಕೊಡಲ್ಲ.

ಹೋಲಿಸುವಾಗ ಎಲ್ಲದರಲ್ಲೂ ವೈಟ್ ಬ್ಯಾಲೆನ್ಸ್ ಒಂದೇ ಇರಲಿ, ಶಾರ್ಪನಿಂಗ್, ನಾಯ್ಸ್ ರಿಡಕ್ಷನ್ (ಫೋಟೋದಲ್ಲಿ ಏಳುವ ಚುಕ್ಕೆ ಅಳಿಸೋದು) ಸೊನ್ನೆಗೆ ಇಳಿಸಿ. ಎಕ್ಸ್‌ಪೋಷರ್ 2 ಸ್ಟಾಪ್ (ಅಂದರೆ ಬೆಳಕು ನಾಲ್ಕು ಪಟ್ಟು) ಏರಿಸಿ, 100% ಜೂಮ್‌ನಲ್ಲಿ ಬಂಡೆಯ ನೆರಳು ನೋಡಿ: ನೇರಳೆ ಚುಕ್ಕೆ ಎದ್ದಿದೆಯಾ, ಕಲ್ಲಿನ ಒರಟುತನ ಉಳಿದಿದೆಯಾ? ಆಮೇಲೆ ಎಕ್ಸ್‌ಪೋಷರ್ ಇಳಿಸಿ ಸೂರ್ಯನ ಸುತ್ತ ಗುಲಾಬಿ ಪಟ್ಟಿ ಬರುತ್ತಾ ನೋಡಿ. ಬಂದರೆ ಹೈಲೈಟ್ ರಿಕನ್‌ಸ್ಟ್ರಕ್ಷನ್ (ಅತಿ ಬೆಳಕಲ್ಲಿ ಕಳೆದುಹೋದ ವಿವರ ಮತ್ತೆ ಕಟ್ಟೋದು) ವಿಧಾನ ಬದಲಿಸಿ.

ಜಾತ್ರೆ ಫೋಟೋಗೆ ರಾಥೆರಪಿಯಲ್ಲಿ ಡಿಮೊಸಾಯಿಕ್ (ಸೆನ್ಸರ್‌ನ ಚುಕ್ಕಿಗಳಿಂದ ಪೂರ್ಣ ಬಣ್ಣ ಕಟ್ಟುವ ವಿಧಾನ) 'ಅಮೇಜ್' ಬಿಟ್ಟು 'ಎಲ್ಎಂಎಂಎಸ್ಇ' ಹಾಕಿ, ನಾಯ್ಸ್‌ನಲ್ಲಿ ಹುಟ್ಟುವ ಚಕ್ರವ್ಯೂಹದಂಥ ಗೆರೆ ಕಡಿಮೆಯಾಗುತ್ತೆ. ಡಾರ್ಕ್‌ಟೇಬಲ್‌ನಲ್ಲಾದರೆ 'ಡಿನಾಯ್ಸ್ ಪ್ರೊಫೈಲ್ಡ್': ಕ್ಯಾಮೆರಾ, ಐಎಸ್ಒ ನೋಡಿ ತಾನೇ ಹೊಂದಿಸಿಕೊಳ್ಳುತ್ತೆ.

ಹೊಸ ಕ್ಯಾಮೆರಾ ಕೊಳ್ಳೋರು ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಮಾಡೆಲ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಫೈಲ್ ತೆರೆಯದೇ ಇರಬಹುದು.