ಹಿತ್ತಿಲಲ್ಲಿ ಪುಂಡಿ: ಎಲೆಗೊಂದು ಮಡಿ, ಕೆಂಪು ಹೂಬಟ್ಟಲಿಗೆ ಬೇರೆ ಗಿಡ

ಪಲ್ಯದ ಎಲೆಗೂ ಚಹಾ, ಜಾಮಿನ ಕೆಂಪು ಹೂಬಟ್ಟಲಿಗೂ (ಹೂ ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಎಸಳುಗಳ ಬಟ್ಟಲು) ಒಂದೇ ಪುಂಡಿ ಗಿಡವನ್ನು ನೆಚ್ಚಿಕೊಂಡರೆ ಎರಡೂ ಅರೆಬರೆ. ನಾನು ಬೇರೆ ಬೇರೆಯಾಗಿಯೇ ಹಾಕುತ್ತೇನೆ. ಎಲೆಯ ಮಡಿಯಲ್ಲಿ ಗೇಣಿಗೊಂದು ಗಿಡ. ಮೊಣಕಾಲೆತ್ತರ ಬಂದಾಗಿನಿಂದ ಕುಡಿ ಚಿವುಟುತ್ತಲೇ ಇರಬೇಕು. ಹೂಬಟ್ಟಲಿಗೆ ದಪ್ಪ ಕೆಂಪು ತಳಿ, ಗಿಡದಿಂದ ಗಿಡಕ್ಕೆ 3 ಅಡಿ. ಒಂದೂವರೆ ಅಡಿಯಾದಾಗ ಒಮ್ಮೆ ಕುಡಿ ಮುರಿದರೆ ಸಾಕು, ಆಮೇಲೆ ಕೈ ಹಚ್ಚಬಾರದು. ಇದಕ್ಕೆ ಗೊಬ್ಬರ ಹೆಚ್ಚಾದರೆ ಬರೀ ಎಲೆ.

ಜೂನ್‌ನಲ್ಲಿ, ಮಿರಗದ ಮಳೆಗೆ, ರಾತ್ರಿ ನೆನೆಸಿದ ಬೀಜವನ್ನು ಅರ್ಧ ಇಂಚು ಆಳಕ್ಕೆ ಊರಿ. ತಡಮಾಡಬೇಡಿ: ಹಗಲು ಕುಗ್ಗಿದಾಗ ಹೂಬಿಡುವ ಗಿಡವಿದು, ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಮೈ ತುಂಬುವ ಮೊದಲೇ ಹೂ ಬರುತ್ತದೆ. ರಾತ್ರಿಯಿಡೀ ಬೀದಿದೀಪ ಬೀಳುವ ಜಾಗದಲ್ಲಾದರೆ ತದ್ವಿರುದ್ಧ, ಹೂ ತಡ. ಎರೆಮಣ್ಣಿದ್ದರೆ ಮಡಿಯನ್ನು ಅರ್ಧ ಅಡಿ ಏರಿಸಿ. ನೀರು ನಿಂತರೆ ಕಾಂಡದ ಬುಡ ಕಪ್ಪಾಗಿ ಕೊಳೆಯುತ್ತದೆ. ನೆಲ ಹಸಿಯಿದ್ದೂ ಗಿಡ ಬಾಡಿದೆ ಎಂದರೆ ಅದೇ ರೋಗ, ಆಗ ಮತ್ತೆ ನೀರು ಹಾಕಬಾರದು. ಕುಡಿ ಮುದುಡಿ ಬಿಳಿ ಹಿಟ್ಟು ಹತ್ತಿದರೆ ಹಿಟ್ಟುತಿಗಣೆ. ಆ ಕುಡಿ ಕತ್ತರಿಸಿ ದೂರ ಹಾಕಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ತುಸು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ.

ಹೂ ಉದುರಿ ಎರಡು–ಮೂರು ವಾರಕ್ಕೆ ಹೂಬಟ್ಟಲು ಕೊಯ್ಯುವ ಹದ. ಬಟ್ಟಲಿನ ಎಸಳು ಮಡಚಿದರೆ ಪಟ್ಟನೆ ಮುರಿಯಬೇಕು, ಒಳಗಿನ ಕಾಯಿ ಇನ್ನೂ ಹಸಿರಿರಬೇಕು. ಕಾಯಿ ಕಂದಾದರೆ ಎಸಳು ನಾರಾಗುತ್ತದೆ. ಬುಡವನ್ನು ಸುತ್ತ ಕೊಯ್ದು, ಸಣ್ಣ ಕೊಳವೆಯಿಂದ ಕಾಯಿಯನ್ನು ಹೊರಗೆ ತಳ್ಳಿ. ಎಸಳನ್ನು ಗರಿಗರಿಯಾಗುವಷ್ಟು ಒಣಗಿಸಿಯೇ ಡಬ್ಬಿಗೆ ತುಂಬಿ, ಮೆತ್ತಗಿದ್ದರೆ ಬೂಸ್ಟು. ಚಹಾ ಮಾಡಲು ಒಂದು ಲೋಟ ನೀರಿಗೆ ನಾಲ್ಕೈದು ಒಣ ಹೂಬಟ್ಟಲು ಹಾಕಿ ಐದು ನಿಮಿಷ ಕುದಿಸಿ. ಹಾಲು ಹಾಕಿದರೆ ಒಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ಕುಡಿಯಲಿ, ಇದೂ ಬಿಪಿ ಇಳಿಸುತ್ತದೆ.

ಇನ್ನು ಪಲ್ಯ. ಕಾಲು ಕಿಲೋ ಬಿಡಿಸಿದ ಎಲೆಗೆ ಅರ್ಧ ಬಟ್ಟಲು ತೊಗರಿಬೇಳೆ, ಮೂರು ಚಮಚ ಜೋಳದ ನುಚ್ಚು, ಎಂಟು ಹಸಿಮೆಣಸಿನಕಾಯಿ. ಬೇಳೆ, ನುಚ್ಚನ್ನು ಮೊದಲೇ ಮೆತ್ತಗೆ ಬೇಯಿಸಿಕೊಳ್ಳಿ. ಎಲೆಯ ಜೊತೆ ಹಾಕಿದರೆ ಹುಳಿಗೆ ಎಷ್ಟು ಕುದಿಸಿದರೂ ಬೇಳೆ ಕರಗದು. ಎಲೆ, ಮೆಣಸಿನಕಾಯಿ ಬೇರೆ ಬೇಯಿಸಿ, ಹುಳಿ ಜಾಸ್ತಿ ಎನಿಸಿದರೆ ನೀರು ಬಸಿದು, ಉಪ್ಪಿನೊಂದಿಗೆ ಎಲ್ಲ ಸೇರಿಸಿ ಕಡಗೋಲಿನಿಂದ ಮಸೆಯಿರಿ. ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ ಕೊಡಿ. ಎಣ್ಣೆಗೆ ಜಿಪುಣತನ ಮಾಡಿದರೆ ರೊಟ್ಟಿಗೆ ಬರೀ ಹುಳಿಯೇ ಸಿಗುತ್ತದೆ.