ವೇಗದ ಬೌಲರ್ ಆಗಹೊರಟ ದಾವಣಗೆರೆಯ ಹುಡುಗನಿಗೂ ಅವನ ಪೋಷಕರಿಗೂ ಒಂದು ಮಾರ್ಗದರ್ಶಿ

ದಾವಣಗೆರೆಯಲ್ಲಿ ಹುಡುಗನೊಬ್ಬ ತನ್ನ ಓರಗೆಯವರಿಗಿಂತ ತುಸು ಜೋರಾಗಿ ಬೌಲಿಂಗ್ ಮಾಡಿದರೆ ಸಾಕು, ನೋಡಿದವರ ಬಾಯಲ್ಲಿ ಆರ್. ವಿನಯ್ ಕುಮಾರ್ ಹೆಸರು ಬರುತ್ತದೆ. ಬರಲೇಬೇಕು. ಈ ಊರಿನಿಂದ ಹೋಗಿ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಅವರು. ಆದರೆ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆಸಿಕೊಂಡ ಅವರು ನಿಜವಾಗಿ ದೇಶದ ಅತಿ ವೇಗದ ಬೌಲರ್ ಆಗಿರಲಿಲ್ಲ. 2004ರಲ್ಲಿ ಆರಂಭಿಸಿ 2021ರಲ್ಲಿ ನಿವೃತ್ತಿ ಘೋಷಿಸುವ ಹೊತ್ತಿಗೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದದ್ದು ಸ್ವಿಂಗ್ (ಗಾಳಿಯಲ್ಲಿ ಚೆಂಡನ್ನು ತಿರುಗಿಸುವ ಕಲೆ), ನಿಖರತೆ ಮತ್ತು ಬಾಳಿಕೆ ಬಂದ ಮೈಯಿಂದ. ಮಗನ ವೇಗವನ್ನು ಅಳೆಯಲು ಹೊರಡುವ ಪೋಷಕರು ಮೊದಲು ಯೋಚಿಸಬೇಕಾದದ್ದು ಈ ಬಾಳಿಕೆಯನ್ನು.

ಮೊದಲು ದಾರಿಯ ಪರಿಚಯ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳ ಪೈಕಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು ತುಮಕೂರು ವಲಯಕ್ಕೆ ಸೇರುತ್ತವೆ. ವಲಯದ ಆಯ್ಕೆಯಲ್ಲಿ ಗೆದ್ದ ಹುಡುಗ ಅಂತರ ವಲಯ ಪಂದ್ಯಗಳನ್ನು ಆಡುತ್ತಾನೆ, ಅಲ್ಲಿ ಕಣ್ಣಿಗೆ ಬಿದ್ದರೆ ರಾಜ್ಯ ತಂಡದ ಸಂಭಾವ್ಯರ ಪಟ್ಟಿ ಸೇರುತ್ತಾನೆ. ಅಲ್ಲಿಂದ ಮುಂದೆ 16 ವರ್ಷದೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ಕೂಚ್ ಬೆಹಾರ್ ಮತ್ತು ವಿನೂ ಮಂಕಡ್ ಟ್ರೋಫಿ, 23ರೊಳಗಿನವರಿಗೆ ಕರ್ನಲ್ ಸಿ.ಕೆ. ನಾಯುಡು ಟ್ರೋಫಿ, ಕೊನೆಗೆ ರಣಜಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಎಳೆಯ ಪಿಚರ್ (ಚೆಂಡೆಸೆಯುವವನು) ರೂಕಿ ಲೀಗ್‌ನಿಂದ ಟ್ರಿಪಲ್-ಎ ತನಕ ಹತ್ತುವ ಮೈನರ್ ಲೀಗ್‌ಗಳ ಏಣಿಯಂಥದ್ದೇ ಇದೂ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಅಲ್ಲಿ ಮೆಟ್ಟಿಲು ಹತ್ತಿಸುವುದು ಹೆಚ್ಚಾಗಿ ಆಟದ ಮಟ್ಟ, ಇಲ್ಲಿ ಹುಟ್ಟಿದ ದಿನಾಂಕ ಒಂದೊಂದೇ ಬಾಗಿಲನ್ನು ಮುಚ್ಚುತ್ತಾ ಹೋಗುತ್ತದೆ. ಆದ್ದರಿಂದ ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆಗಳಲ್ಲಿ ಹೆಸರಿನ ಅಕ್ಷರವೂ ತಾರೀಖೂ ಒಂದೇ ಇರುವಂತೆ ಮೊದಲೇ ಸರಿಪಡಿಸಿಕೊಳ್ಳಿ. ವಯಸ್ಸು ಕಡಿಮೆ ತೋರಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಅವರಿಂದ ದೂರವಿರಿ. ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಪರೀಕ್ಷಿಸುವ ಪದ್ಧತಿ ಬಿಸಿಸಿಐಯಲ್ಲಿದೆ.

ನಮ್ಮ ಕಡೆಯ ಬಹುತೇಕ ಹುಡುಗರು ಟೆನಿಸ್ ಬಾಲ್‌ನಿಂದ ಬಂದವರು. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ನಡೆದರೆ ಸೇರುವ ಜನವನ್ನು ನೋಡಿದವರಿಗೆ ಅದರ ಸೆಳೆತವನ್ನು ವಿವರಿಸಬೇಕಾಗಿಲ್ಲ. ಅದು ಧೈರ್ಯವನ್ನೂ ಯಾರ್ಕರನ್ನೂ ಕಲಿಸುತ್ತದೆ, ಒಪ್ಪೋಣ. ಆದರೆ ಹಗುರವಾದ ಆ ಚೆಂಡನ್ನು ರಭಸದಿಂದ ಬೀಸಿ ಎಸೆಯುವ ಅಭ್ಯಾಸ ತೋಳಿಗೆ ಅಂಟಿಕೊಂಡ ಮೇಲೆ, 156 ಗ್ರಾಂಗೆ ಕಡಿಮೆಯಿಲ್ಲದ ಲೆದರ್ ಬಾಲ್ ಕೈಗೆ ಬಂದಾಗ ಭುಜ ದಣಿಯುತ್ತದೆ, ಸೀಮ್ (ಚೆಂಡಿನ ಸುತ್ತಲಿನ ಉಬ್ಬಿದ ಹೊಲಿಗೆ) ಅಡ್ಡಾದಿಡ್ಡಿ ತಿರುಗುತ್ತದೆ. 13-14ನೇ ವಯಸ್ಸಿಗೆ ಲೆದರ್ ಬಾಲ್‌ಗೆ ಬಂದುಬಿಡುವುದು ಒಳ್ಳೆಯದು. ತೋರುಬೆರಳು ಮತ್ತು ನಡುಬೆರಳು ಸೀಮ್‌ನ ಎರಡು ಬದಿಗೆ, ಹೆಬ್ಬೆರಳು ಕೆಳಗೆ ಸೀಮ್‌ನ ಮೇಲೆ, ಚೆಂಡಿಗೂ ಅಂಗೈಗೂ ನಡುವೆ ಬೆಳಕು ಕಾಣುವಷ್ಟು ಜಾಗ: ಇಷ್ಟನ್ನು ದಿನಾ ಹತ್ತು ಹೆಜ್ಜೆ ದೂರದ ಗೆಳೆಯನ ಕೈಗೆ ನಿಧಾನವಾಗಿ ಎಸೆದು ರೂಢಿಸಿಕೊಳ್ಳಬೇಕು. ಸೀಮ್ ನೆಟ್ಟಗೆ ನಿಂತು ತಿರುಗುತ್ತಿದೆಯೇ ಎಂದು ಹಿಡಿಯುವವನೇ ಹೇಳಬಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಎಸೆತಗಳ ಲೆಕ್ಕ. ಬೇಸ್‌ಬಾಲ್‌ನವರು ಇದನ್ನು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ: ಅಲ್ಲಿನ ಎಳೆಯರಿಗಾಗಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ 15-16 ವಯಸ್ಸಿನ ಪಿಚರ್ ಒಂದು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯುವಂತಿಲ್ಲ, 76 ಮುಟ್ಟಿದರೆ 4 ದಿನ ವಿಶ್ರಾಂತಿ ಪಡೆಯಬೇಕು. ಇಂಗ್ಲೆಂಡ್‌ನ ಕ್ರಿಕೆಟ್ ಮಂಡಳಿಯೂ ಬಹುಕಾಲದಿಂದ ಕಿರಿಯ ವೇಗಿಗಳಿಗೆ ಒಂದು ಸ್ಪೆಲ್‌ಗೆ (ಬಿಡುವಿಲ್ಲದೆ ಎಸೆಯುವ ಒಂದು ಸರದಿಗೆ) ಇಷ್ಟು, ದಿನಕ್ಕೆ ಇಷ್ಟು ಎಂದು ಓವರ್‌ಗಳ ಮಿತಿ ಹಾಕಿದೆ. ನಮ್ಮಲ್ಲಿ ಆಗುವುದೇ ಬೇರೆ. ಬೆಳಿಗ್ಗೆ ಅಕಾಡೆಮಿಯ ನೆಟ್ಸ್, ಮಧ್ಯಾಹ್ನ ಶಾಲೆಯ ಪಂದ್ಯ, ಸಂಜೆ ಓಣಿಯ ತಂಡ. ಮೂರು ಕಡೆಯವರಿಗೂ ಹುಡುಗನ ಉಳಿದೆರಡು ಕಡೆಯ ದುಡಿಮೆ ಗೊತ್ತಿರುವುದಿಲ್ಲ. ಹಾಗಾಗಿ ಲೆಕ್ಕ ಇಡಬೇಕಾದವರು ಮನೆಯವರು. ಒಂದು ಸಾದಾ ನೋಟ್‌ಬುಕ್‌ನಲ್ಲಿ ದಿನಾಂಕ, ನೆಟ್ಸ್ ಎಸೆತ, ಪಂದ್ಯದ ಎಸೆತ, ನೋವು ಎಂಬ ನಾಲ್ಕು ಕಾಲಂ ಎಳೆದು ರಾತ್ರಿ ಊಟಕ್ಕೆ ಮುಂಚೆ ತುಂಬಿಸಿ. ವೈಡ್, ನೋಬಾಲ್ ಮತ್ತು ಟೆನಿಸ್ ಬಾಲ್ ಎಸೆತಗಳೂ ಲೆಕ್ಕಕ್ಕೆ ಬರಬೇಕು, ಏಕೆಂದರೆ ಬೆನ್ನಿಗೆ ಅಂಪೈರ್ ಇರುವುದಿಲ್ಲ. ಪರೀಕ್ಷೆಯ ರಜೆ ಮುಗಿಸಿ ಬಂದವನು ಏಪ್ರಿಲ್ ಶಿಬಿರದ ಮೊದಲ ವಾರದಲ್ಲೇ ಪೂರ್ಣ ವೇಗದಲ್ಲಿ ಎಸೆಯುವುದು ಅತ್ಯಂತ ಅಪಾಯಕಾರಿ. ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ.

ಎಳೆಯ ವೇಗಿಗಳನ್ನು ಹೆಚ್ಚಾಗಿ ಕಾಡುವುದು ಸೊಂಟದ ಬೆನ್ನೆಲುಬಿನ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಮೂಳೆಯಲ್ಲಿ ಮೂಡುವ ಬಿರುಕು. ಬಲಗೈ ಬೌಲರ್‌ಗಾದರೆ ಸಾಮಾನ್ಯವಾಗಿ ಸೊಂಟದ ಎಡಬದಿಯಲ್ಲಿ ನೋವು ಕಾಣಿಸಿ, ಹಿಂದಕ್ಕೆ ಬಾಗಿದಾಗ ಹೆಚ್ಚುತ್ತದೆ. ಇದನ್ನು ಎಣ್ಣೆ ತಿಕ್ಕಿ ಕಳೆಯುವ ಉಳುಕು ಎಂದುಕೊಳ್ಳಬೇಡಿ. ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದಾದ್ದರಿಂದ ಮೂಳೆತಜ್ಞರ ಬಳಿ ಎಂಆರ್‌ಐ ಬಗ್ಗೆ ಕೇಳಿ. ಓಟದ ಕೊನೆಯಲ್ಲಿ ಸೊಂಟ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ತಿರುಗುವ ಮಿಶ್ರ ಆ್ಯಕ್ಷನ್ ಈ ಗಾಯಕ್ಕೆ ದೊಡ್ಡ ಕಾರಣ. ಬದಿಯಿಂದ ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಕೋಚ್‌ಗೆ ತೋರಿಸಬಹುದು. ಆಹಾರದ ವಿಷಯದಲ್ಲಿ ಹೇಳುವುದು ಸ್ವಲ್ಪ: ಅಭ್ಯಾಸ ಮುಗಿಸಿದವನ ಹಸಿವನ್ನು ಮಿರ್ಚಿ-ಮಂಡಕ್ಕಿಯಲ್ಲೇ ಮುಗಿಸದೆ ಮೊಟ್ಟೆ, ಮೊಳಕೆಕಾಳು, ಹಾಲು ಕೊಡಿ.

ಪ್ರತಿ ಹಂತವೂ ಬೇರೆ ಬೇರೆ ಗುಣವನ್ನು ಕೇಳುತ್ತದೆ. 16ರೊಳಗೆ ಆಫ್ ಸ್ಟಂಪಿನ ಸುತ್ತ ಎಸೆಯುವವನಿಗೆ ವಿಕೆಟ್ ಬೀಳುತ್ತದೆ. ಬ್ಯಾಟರ್ ಕಡೆಯ ಸ್ಟಂಪಿನಿಂದ 6ರಿಂದ 8 ಮೀಟರ್ ನಡುವೆ ಹಳೆಯ ಶೂ ಇಟ್ಟು ಅದಕ್ಕೆ ಹೊಡೆಯುವ ಅಭ್ಯಾಸ ಸಾಕು. 19ರ ಹೊತ್ತಿಗೆ ಬ್ಯಾಟರ್‌ಗಳು ಕಾಯಲು ಕಲಿತಿರುತ್ತಾರೆ, ಆಗ ಹಳೆಯ ಚೆಂಡಿನ ವಿದ್ಯೆ ಬೇಕು. 23ರಲ್ಲಿ ಕೆಳ ಕ್ರಮಾಂಕದ ಬ್ಯಾಟಿಂಗ್ ಕೂಡ ಆಯ್ಕೆಗಾರರ ಮನಸ್ಸನ್ನು ಒಲಿಸುತ್ತದೆ. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ವಿನಯ್ ಕುಮಾರ್ 5 ವಿಕೆಟ್ ಕಿತ್ತು, ಅದೇ ಪಂದ್ಯದಲ್ಲಿ ಶತಕವನ್ನೂ ಬಾರಿಸಿದ್ದರು.

ಪಿಯುಸಿ ಮುಗಿಯುತ್ತಲೇ ಬೆಂಗಳೂರಿಗೆ ಹೋಗಬೇಕೇ ಎಂಬ ಪ್ರಶ್ನೆ ಏಳುತ್ತದೆ. ರಾಜ್ಯ ಸಂಸ್ಥೆಯ ಲೀಗ್‌ನ ಬಲವಾದ ಕ್ಲಬ್‌ಗಳು ಅಲ್ಲಿರುವುದರಿಂದ ಕೊನೆಗೆ ಹೋಗಲೇಬೇಕಾಗಬಹುದು. ಆದರೆ ವಲಯ ತಂಡದಲ್ಲಿ ಸ್ಥಾನ ಸಿಗುವ ಮುನ್ನವೇ ಮನೆ ಬದಲಿಸಿ, ಸಾಲ ಮಾಡಿ ಹೋಗುವುದು ನನಗೆ ಸರಿಕಾಣುವುದಿಲ್ಲ. ಹೋಗುವುದೇ ಆದರೆ ಹೆಸರುವಾಸಿ ಕ್ಲಬ್‌ನ ಬೆಂಚಿಗಿಂತ ಕೆಳ ಡಿವಿಷನ್‌ನಲ್ಲಿ ಹೊಸ ಚೆಂಡು ಕೊಡುವ ತಂಡವನ್ನು ಆರಿಸಿ, ಕ್ರೀಡಾ ಕೋಟಾದಡಿ ಪದವಿ ಸೀಟು ಸಿಗುವ ಕಾಲೇಜನ್ನೂ ಜೊತೆಯಲ್ಲೇ ನೋಡಿ. ಕ್ಲಬ್‌ಗೆ ಸಹಿ ಹಾಕುವ ಮುನ್ನ ಕೇಳಬೇಕಾದ್ದು ಎರಡೇ: ಕಳೆದ ಸೀಸನ್‌ನಲ್ಲಿ ತಂಡದ ಹೊಸ ಹುಡುಗರಿಗೆ ಎಷ್ಟು ಪಂದ್ಯಗಳಲ್ಲಿ ಬೌಲಿಂಗ್ ಸಿಕ್ಕಿತು, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ.